ಮೂರು ವರ್ಷದ ಅಳತೆಯ ಮೇಣದಬತ್ತಿ

ಮರಿಯಾ ಮಾತೆಯ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಜಪದಲ್ಲಿ, ಪಟದ ಮುಂದೆ ದೀಪ ಹಚ್ಚಿ, ಜಪಸರ ಮುಗಿಸಿ, ಮಕ್ಕಳೂ ಗದ್ದಲ ಬಿಟ್ಟು ಕುಳಿತ ಮೇಲೆ ಓದತಕ್ಕ ಕಥೆಯಿದು. ನಡುವೆ ಯಾರೂ ಏಳಕೂಡದು. ಒಲೆಯ ಮೇಲೆ ಹಾಲಿಟ್ಟವರು ಈಗಲೇ ಇಳಿಸಿ ಬರತಕ್ಕದ್ದು.

ಕಾವೇರಿಯ ದಡದ ಅಂತೋಣಿಪಾಳ್ಯವೆಂಬ ಊರಿನಲ್ಲಿ ಸೌರಮ್ಮನೆಂಬ ಭಕ್ತೆಯಿದ್ದಳು. ಆಕೆಯ ಮೊಮ್ಮಗಳು ಅಮಲಾ ಮೂರು ವರ್ಷದವಳಿದ್ದಾಗ ದಡಾರವೆದ್ದು, ಜ್ವರವೇರಿ, ಹಾಲೂ ಕುಡಿಯದೆ ಕಣ್ಣು ಮೇಲೆ ಮಾಡಲು, ಅಜ್ಜಿಯು ಬಿಳಿಯ ನೂಲಿನಿಂದ ಮಗುವನ್ನು ಹಿಮ್ಮಡಿಯಿಂದ ನೆತ್ತಿಯವರೆಗೆ ಅಳೆದು, ಈ ಕೂಸನ್ನು ಉಳಿಸಿಕೊಟ್ಟರೆ ಇದನ್ನು ನಡೆಸಿಕೊಂಡೇ ಬಂದು, ಇದರ ಎತ್ತರದ ಮೇಣದಬತ್ತಿಯನ್ನು ಇದರ ಕೈಯಿಂದಲೇ ನಿನ್ನ ಬೆಟ್ಟದಲ್ಲಿ ಹಚ್ಚಿಸುತ್ತೇನೆ ತಾಯೇ ಎಂದು ಹರಕೆ ಹೊತ್ತಳು. ಮೂರನೆಯ ದಿನ ಜ್ವರವಿಳಿದು ಮಗು ಗಂಜಿ ಕೇಳಿತು. ನೂಲು ಅಜ್ಜಿಯ ಜಪದ ಪುಸ್ತಕ ಸೇರಿತು.

ಆ ತಾಯಿ ನೆಲೆಸಿದ ಗವಿಮಾತೆಯ ಬೆಟ್ಟವು ಮೂರು ದಿನದ ದಾರಿಯಾದ್ದರಿಂದ, ಮಗುವಿನ ಕಾಲು ಬಲಿಯಲೆಂದು ಅಜ್ಜಿ ಕಾದಳು. ಆ ಕಾಲವೇ ಬೇರೆ. ಯಾತ್ರೆ ಹೊರಡುವ ಮುಂಜಾನೆ ಗುಡಿಯ ಗಂಟೆ ಬಾರಿಸುತ್ತಲೇ ಇಡೀ ಊರು ಬೀದಿಗಿಳಿಯುತ್ತಿತ್ತು. ಹುಳಿಯನ್ನದ ಬುತ್ತಿಯ ವಾಸನೆ, ನೀಲಿ ಬಾವುಟ, ಮುಂದಿನವರು ಹಾಡಿದ್ದನ್ನು ಹಿಂದಿನವರು ಅರ್ಧ ಸಾಲು ತಡವಾಗಿ ಹಾಡುವ ಚೆಂದ. ಅಮಲಾ ಅಜ್ಜಿಯ ಸೆರಗು ಹಿಡಿದು ಊರಗಡಿಯ ಶಿಲುಬೆಕಲ್ಲಿನವರೆಗೆ ಹೋಗಿ, ಯಾತ್ರಿಕರನ್ನು ಕಳುಹಿಸಿ, ಅಳುತ್ತಾ ಹಿಂದಿರುಗುತ್ತಿದ್ದಳು.

ಕಾಲು ಬಲಿಯಿತು, ಜೊತೆಗೆ ನಾಲಗೆಯೂ ಉದ್ದವಾಯಿತು. ಮೈಸೂರಿನ ಕಾಲೇಜು ಸೇರಿದ ಅಮಲಾ ಅಜ್ಜಿ ಕರೆದಾಗಲೆಲ್ಲ ಪರೀಕ್ಷೆಯೆಂದಳು, ತಲೆನೋವೆಂದಳು, ಕಡೆಗೊಮ್ಮೆ, "ದೇವ್ರು ಎಲ್ಲಾ ಕಡೆ ಅವ್ರಲ್ಲ ಅಜ್ಜಿ, ಬೆಟ್ಟಕ್ಕೇ ಯಾಕೆ ಹೋಗ್ಬೇಕು?" ಎಂದಳು.

"ಎಲ್ಲಾ ಕಡೆ ಅವ್ರೆ ಕಣವ್ವ. ನಾನು ಮಾತು ಕೊಟ್ಟಿದ್ದು ಅಲ್ಲಿ," ಎಂದಳು ಅಜ್ಜಿ.

ಹೀಗೆ ಹರಕೆಯನ್ನು ಕಡೆಗಣಿಸಲಾಗಿ ಅಮಲಾಳ ಜಪ ಬತ್ತಿತು. ಹಾಸ್ಟೆಲಿನಲ್ಲಿ ಜಪಸರ ಹಿಡಿದರೆ ತುಟಿಯೊಂದೇ ಆಡುತ್ತಿತ್ತು. ಪೂಜೆಯಲ್ಲಿ ಮೊಣಕಾಲೂರಿದರೆ ಮೊಣಕಾಲಿನ ನೋವಷ್ಟೇ ಉಳಿಯುತ್ತಿತ್ತು. ಯಾರೂ ಇಲ್ಲದ ಮನೆಯ ಬಾಗಿಲು ತಟ್ಟಿದಂತಾಗಿ ಅವಳಿಗೆ ಅಳು ಬರುತ್ತಿತ್ತು. ಇತ್ತ ಊರಿನಲ್ಲಿ ಅಜ್ಜಿಯ ಕಣ್ಣಿಗೆ ಮಬ್ಬು ಕವಿದು, ಮಂಡಿ ಸೋತು, ಕೊಟ್ಟ ಮಾತು ನಡೆಸದೆಯೇ ಹೋಗಿಬಿಡುವೆನೋ ಎಂಬುದೊಂದೇ ಕೊರಗಾಯಿತು. ಇದನ್ನು ಕೇಳಿದ ಅಮಲಾ ಊರಿಗೆ ಬಂದು, ನೂಲನ್ನು ಪಡೆದು ಯಾತ್ರೆಗೆ ಹೊರಟಳು.

ಅವಳು ಹೊರಟರೂ ಅವಳ ಜಂಬ ಬಿಟ್ಟುಹೋಗಲಿಲ್ಲ. ಕೂಸಿನ ಅಳತೆ ಈಗೇಕೆಂದು ತನ್ನ ಈಗಿನ ಎತ್ತರಕ್ಕೇ ಬತ್ತಿ ಮಾಡಿಸಿ ಹೆಗಲ ಮೇಲೆ ಹೊತ್ತಳು. ಎರಡನೆಯ ದಿನದ ಬಿಸಿಲಿಗೆ ಬತ್ತಿಯು ಬಳುಕಿ, ಬಾಗಿ, ಎರಡೂ ಕಡೆ ಜೋತುಬಿತ್ತು. "ನಿನಗಿಂತ ಮೊದ್ಲೇ ಬತ್ತಿಗೆ ಸುಸ್ತಾಯ್ತಲ್ಲವ್ವ," ಎಂದು ಜೊತೆಯ ಯಾತ್ರಿಕ ಮುದುಕ ಇನ್ನಾಸಪ್ಪ ನಕ್ಕನು.

ನಾಚಿ ಹೊಂಗೆಮರದ ಕೆಳಗೆ ಕುಳಿತು ನೂಲನ್ನು ಬಿಚ್ಚಿ ನೋಡಿದರೆ ಅದು ಅವಳ ಸೊಂಟಕ್ಕೂ ಬರಲಿಲ್ಲ. ನಾನು ಇಷ್ಟೇ ಇದ್ದೆನಲ್ಲ, ದೇವರ ಹೆಸರು ಹೇಳಲೂ ಬಾರದಾಗ ನನಗಾಗಿ ಒಬ್ಬಳು ಬೇಡಿದ್ದಳಲ್ಲ ಎಂದು ಅವಳ ಎದೆ ತುಂಬಿ ಬಂತು. ಬತ್ತಿಯನ್ನು ನೂಲಿನ ಅಳತೆಗೆ ಕತ್ತರಿಸಿ, ಮಿಕ್ಕದ್ದನ್ನು ಬರಿಗೈಯಲ್ಲಿ ಬಂದವರಿಗೆ ಹಂಚಿ, ತನ್ನದಕ್ಕೆ ಒದ್ದೆ ಬಟ್ಟೆ ಸುತ್ತಿ, ಮಗುವಿನಂತೆ ಕಂಕುಳಿಗೆತ್ತಿಕೊಂಡು ನಡೆದಳು. ಮೂರನೆಯ ದಿನ ಬೆಟ್ಟ ಹತ್ತಿ ಬತ್ತಿ ಹಚ್ಚಲು, ನಮೋ ಮರಿಯಾ ಎಂಬ ಜಪವು ಅಜ್ಜಿಯು ಎಳೆದೆಳೆದು ಹೇಳುವ ರಾಗದಲ್ಲೇ ಬಾಯಿಗೆ ಬಂತು, ಮನಸ್ಸೂ ಅದರ ಜೊತೆಗೇ ಬಂತು.

ಊರಿಗೆ ಹಿಂದಿರುಗಿ ನೂಲನ್ನು ಕೈಗಿಡಲು, ಅಜ್ಜಿಯು ಬೆರಳಿನಿಂದ ತಡವಿ, ಅದರ ತುದಿಗೆ ಅಂಟಿದ ಮೇಣದ ಹನಿಯನ್ನು ಮುಟ್ಟಿದಳು.

"ನೀನೇ ಹಚ್ಚಿದ್ಯಾ?"

"ನಾನೇ ಹಚ್ಚಿದೆ, ಅಜ್ಜಿ."

ಅಜ್ಜಿಯು ಅಷ್ಟು ವರ್ಷ ಪುಸ್ತಕದಲ್ಲಿದ್ದ ನೂಲನ್ನು ಮೊಮ್ಮಗಳ ಮುಂಗೈಗೆ ಸುತ್ತಿ ಕಟ್ಟಿದಳು.

ಈ ಕಥೆಯನ್ನು ಓದಿದವರಿಗೂ, ಕೇಳಿದವರಿಗೂ, ನಡೆಯಲಾರದೆ ಮನೆಯಲ್ಲುಳಿದು ಯಾತ್ರಿಕರ ದಾರಿ ಕಾದವರಿಗೂ ಬೆಟ್ಟ ಹತ್ತಿದಷ್ಟೇ ಫಲವುಂಟು. ಅವರು ಮಕ್ಕಳಿಗಾಗಿ ಕೊಟ್ಟ ಮಾತು, ಅವರ ಕಣ್ಣಮುಂದೆಯೇ, ಮಕ್ಕಳ ಕೈಯಿಂದ ನಡೆಯಲಿ. ಆಮೆನ್.