ಗಾಜಿನೊಳಗಿನ ಮದುವೆಯ ಹಾರ

"ಬುದ್ಧಿ, ಮಠಕ್ಕೆ ಬಂದ ಮೊದಲ ದಿನ ನನ್ನಲ್ಲಿದ್ದ ಭಕ್ತಿ ಈಗ ಇಲ್ಲ. ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ಹೇಗೆ?" ಎಂದು ಶಿಷ್ಯ ಸಿದ್ಧವೀರ ಕೇಳಿದ.

ಗುರುಗಳು ಆಗಷ್ಟೇ ಪೂಜೆ ಮುಗಿಸಿ ಜಗಲಿಗೆ ಬಂದಿದ್ದರು. ಅಂದು ಪೂಜೆಗೆ ಹೂವು ಬಂದಿರಲಿಲ್ಲ. ಬರೀ ಪತ್ರೆಯಲ್ಲಿ ಮುಗಿಸಿದ್ದರು. ಶಿಷ್ಯನ ಮುಖ ನೋಡಿ ಅವರು ನಿಟ್ಟುಸಿರು ಬಿಟ್ಟರು.

"ಶಿವರಾತ್ರಿಗೆ ಮುಂಚೆ ಇದನ್ನೇ ಕೇಳಿದ್ದೆ. ಯುಗಾದಿ ಕಳೆದ ಮೇಲೆ ಮತ್ತೆ ಕೇಳಿದೆ. ಆಗ ನಾನು ಏನು ಹೇಳಿದೆ?"

"ಪಾಲಿಗೆ ಬಂದ ಕೆಲಸ ಮಾಡು ಎಂದಿರಿ. ಆದರೆ ಅದು ನನ್ನ ಪ್ರಶ್ನೆಗೆ ಉತ್ತರ ಅನ್ನಿಸಲಿಲ್ಲ, ಬುದ್ಧಿ. ಇವತ್ತು ಬೆಳಕು ಹರಿಯುವ ಮೊದಲೇ ಎದ್ದು, ಇಷ್ಟು ಹೊತ್ತೂ ಅದನ್ನೇ ಯೋಚಿಸುತ್ತಾ ಕೂತಿದ್ದೆ. ಆ ಮೊದಲ ದಿನ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಈಗ ಎಷ್ಟು ಪ್ರಯತ್ನಪಟ್ಟರೂ ಬರುವುದಿಲ್ಲ."

"ಕೂತುಕೋ," ಎಂದರು ಗುರುಗಳು. "ನಿನ್ನಂಥವನೇ ಒಬ್ಬ ವ್ಯಾಪಾರಿ ಇದ್ದ. ಅವನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ. ಅವನಿಗೆ ಮದುವೆಯಾಯಿತು. ಹೆಂಡತಿಯ ಹೆಸರು ಗೌರವ್ವ ಎಂದಿಟ್ಟುಕೋ. ಮುಹೂರ್ತದ ಹೊತ್ತಿಗೆ ಅವನ ಕೊರಳಿಗೆ ಹಾರ ಹಾಕುವಾಗ ಅವಳು ಕಣ್ಣೆತ್ತಿ ಅವನನ್ನು ನೋಡಿ ನಕ್ಕಳು. ಅದನ್ನು ಕಂಡು ಅವನ ಎದೆ ತುಂಬಿ ಬಂತು. ಇಂಥ ಗಳಿಗೆ ಬಾಳಿನಲ್ಲಿ ಮತ್ತೆ ಬಾರದು ಎಂದುಕೊಂಡ. ಅಷ್ಟು ಅಂದುಕೊಂಡು ಸುಮ್ಮನಾಗಿದ್ದರೆ ನಾನು ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ.

ಮದುವೆ ಮುಗಿದ ಮೇಲೆ ಹಾರಗಳನ್ನು ಯಾರೂ ತುಳಿಯದ ಕಡೆ, ಗಿಡದ ಬುಡಕ್ಕೆ ಹಾಕುವುದು ಆ ಮನೆಯ ವಾಡಿಕೆ. ಮಾರನೆಯ ದಿನ ತಾಯಿ ಎರಡೂ ಹಾರಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೊರಟಳು. ವ್ಯಾಪಾರಿ ಅಡ್ಡ ನಿಂತ. ಗೌರವ್ವ ಹಾಕಿದ ಹಾರವನ್ನು ತಾಯಿಯ ಕೈಯಿಂದ ಕಿತ್ತುಕೊಂಡ. ಬಾಡಿದ ಹೂವು ಮನೆಯಲ್ಲಿಟ್ಟುಕೊಂಡು ಏನು ಮಾಡುತ್ತೀಯೋ ಎಂದು ತಾಯಿ ಬೈದಳು. ಇದನ್ನು ಬಾಡದ ಹಾಗೆ ಮಾಡುತ್ತೇನೆ ಎಂದ. ತಾಯಿ ತಲೆ ಚಚ್ಚಿಕೊಂಡು ಒಳಗೆ ಹೋದಳು.

ಪೇಟೆಯ ಇನ್ನೊಂದು ತುದಿಯಲ್ಲಿ ಒಬ್ಬ ಹೆಂಗಸು ಹೂವನ್ನು ಒತ್ತಿ ಒಣಗಿಸಿ, ಗಾಜಿನ ಕಟ್ಟು ಹಾಕಿ ಕೊಡುತ್ತಿದ್ದಳು. ವ್ಯಾಪಾರಿ ಹಾರವನ್ನು ಅವಳ ಮುಂದಿಟ್ಟ. ಅವಳು ನೋಡಿ, ಹಾರ ಹಾರವಾಗಿಯೇ ಉಳಿಯುವುದಿಲ್ಲ ಎಂದಳು. ದಾರ ಕತ್ತರಿಸಬೇಕು. ಗುಲಾಬಿಯ ಎಸಳು ಬಿಡಿಸಬೇಕು. ಒಂದೊಂದನ್ನೂ ಕಾಗದದ ನಡುವೆ ಇಟ್ಟು ಮೇಲೆ ಭಾರ ಹೇರಬೇಕು. ಒಣಗಿದ ಮೇಲೆ ಮತ್ತೆ ಹಾರದ ಆಕಾರದಲ್ಲಿ ಅಂಟಿಸಬಹುದು. ಗುಲಾಬಿ ಕಪ್ಪಾಗುತ್ತದೆ, ಮಲ್ಲಿಗೆ ಕಂದುತ್ತದೆ, ದವನ ಮಾತ್ರ ಅಷ್ಟಿಷ್ಟು ಹಸಿರು ಉಳಿಸಿಕೊಳ್ಳುತ್ತದೆ ಎಂದೂ ಹೇಳಿದಳು.

ಇಷ್ಟು ಬಿಡಿಸಿ ಹೇಳಿದರೂ ಅವನ ಕಿವಿಗೆ ಬಿದ್ದದ್ದು ಉಳಿಸಿಕೊಳ್ಳುತ್ತದೆ ಎಂಬ ಒಂದೇ ಮಾತು.

ಅಂದಿನಿಂದ ಅವನಿಗೆ ಅದೇ ಧ್ಯಾನ. ಸಂಜೆ ಅಂಗಡಿ ಬಾಗಿಲು ಹಾಕಿದವನು ನೇರ ಅವಳ ಮನೆಗೆ ಹೋಗುತ್ತಿದ್ದ. ಭಾರವನ್ನು ಎತ್ತಿ, ಕಾಗದ ಸರಿಸಿ, ಮಲ್ಲಿಗೆ ಬೆಳ್ಳಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದ. ನಿನ್ನೆಗಿಂತ ಇವತ್ತು ಬಣ್ಣ ಕಡಿಮೆಯಾಗಿದೆ ಎಂದು ತಗಾದೆ ತೆಗೆಯುತ್ತಿದ್ದ. ಎತ್ತಿ ಎತ್ತಿ ನೋಡಿದ್ದಕ್ಕೆ ಎಸಳುಗಳು ಮುದುಡಿದವು, ಕೆಲವಕ್ಕೆ ಬೂಷ್ಟು ಹಿಡಿಯಿತು. ಕಡೆಗೆ ಆ ಹೆಂಗಸಿಗೆ ರೋಸಿಹೋಯಿತು.

"ನೋಡಿ ಸ್ವಾಮಿ, ಹೂವನ್ನ ಕೆಡಿಸ್ತಿರೋದು ಗಾಳಿಯಲ್ಲ, ನೀರಲ್ಲ, ನೀವು," ಎಂದಳು. "ಇನ್ನು ಕಟ್ಟು ಹಾಕೋವರೆಗೂ ಈ ಕಡೆ ತಲೆ ಹಾಕಬೇಡಿ."

ಅವನು ಮುಖ ಊದಿಸಿಕೊಂಡು ಮನೆಗೆ ಬಂದ.

ಇತ್ತ ಗೌರವ್ವನ ಪಾಡು ಕೇಳು. ಬೀದಿಯ ತಿರುವಿನಲ್ಲಿ ಒಬ್ಬಳು ಹೂವಾಡಗಿತ್ತಿ ಕೂರುತ್ತಿದ್ದಳು. ಸಂಜೆ ಮನೆಗೆ ಮರಳುವ ಗಂಡಸರು ಅವಳ ಹತ್ತಿರ ಒಂದು ಮೊಳ ಮಲ್ಲಿಗೆ ಕೊಂಡು ಹೆಂಡತಿಗೆ ಒಯ್ಯುತ್ತಿದ್ದರು. ಮದುವೆಯಾದ ಹೊಸತರಲ್ಲಿ ಈ ವ್ಯಾಪಾರಿಯೂ ಒಯ್ದಿದ್ದ. ಹಾರವನ್ನು ಒತ್ತಲು ಕೊಟ್ಟ ಮೇಲೆ ಅವನಿಗೆ ಹೂವಾಡಗಿತ್ತಿಯ ಬುಟ್ಟಿ ಕಂಡರೇ ಬೇಸರ. ಬೆಳಗಾದರೆ ಕಸವಾಗುವುದನ್ನು ಯಾರು ಕೊಳ್ಳುತ್ತಾರೆ ಎಂದು ಮುಂದೆ ಹೋಗಿಬಿಡುತ್ತಿದ್ದ. ಗೌರವ್ವ ತಲೆ ಬಾಚಿ, ಹೆರಳು ಹಾಕಿ, ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದಳು. ಅವನು ಬರುತ್ತಿದ್ದ, ಕೈ ಖಾಲಿ. ಅವಳಿಗೆ ಬೇಕಾಗಿದ್ದದ್ದು ಹೂವು ಕೂಡ ಅಲ್ಲ. ದಾರಿಯಲ್ಲಿ ಬರುವಾಗ ತನ್ನ ನೆನಪಾಯಿತು ಎಂಬ ಒಂದು ಗುರುತು. ಬಾಯಿಬಿಟ್ಟು ಕೇಳಬಾರದು ಎಂದು ಬಹಳ ದಿನ ಬಿಗಿಹಿಡಿದಳು. ಒಂದು ಸಂಜೆ ತಡೆಯಲಾಗಲಿಲ್ಲ.

"ಇವತ್ತೂ ಹೂವು ತರಲಿಲ್ವಾ?" ಎಂದಳು.

"ನಾಳೆ ಬಾಡೋ ಹೂವು ಯಾಕೆ? ನಿನಗೋಸ್ಕರ ಬಾಡದ ಹೂವೇ ಮಾಡಿಸ್ತಾ ಇದೀನಿ."

"ಅದನ್ನ ಮುಡ್ಕೊಳ್ಳೋಕಾಗುತ್ತಾ?"

ಎಷ್ಟು ಮಾಡಿದರೂ ಇವಳಿಗೆ ಅರ್ಥವಾಗುವುದಿಲ್ಲವಲ್ಲ ಎಂದು ಅವನು ಸಿಡುಕಿದ. ಅವಳು ಮತ್ತೆ ಕೇಳಲಿಲ್ಲ. ಆಮೇಲೆ ಆಮೇಲೆ ಸಂಜೆ ಬಾಗಿಲ ಕಡೆ ನೋಡುವುದನ್ನೂ ಬಿಟ್ಟಳು. ಅವನು ಒಳಗೆ ಬಂದರೆ ನೀರು ಕೊಡುವಳು, ಊಟ ಬಡಿಸುವಳು, ಕೇಳಿದ್ದಕ್ಕೆ ಉತ್ತರ ಹೇಳುವಳು. ಅವನಿಗೆ ಇದು ಗೊತ್ತಾಗಲೇ ಇಲ್ಲ. ಅವನ ಮನಸ್ಸೆಲ್ಲ ಕಾಗದದ ನಡುವೆ ಇತ್ತು.

ಕೊನೆಗೊಂದು ದಿನ ಹಾರ ಗಾಜಿನೊಳಗೆ ಕೂತು ಮನೆಗೆ ಬಂತು. ನಡುಮನೆಯ ಗೋಡೆಯಲ್ಲಿ, ತೀರಿಹೋದ ತಂದೆಯ ಮತ್ತು ತಾತನ ಪಟಗಳ ಸಾಲಿನಲ್ಲಿ, ಒಂದು ಮೊಳೆ ಖಾಲಿ ಇತ್ತು. ವ್ಯಾಪಾರಿ ಅದಕ್ಕೇ ತೂಗುಹಾಕಿದ. ಎದುರಿಗೆ ಕೂತು ಕಣ್ತುಂಬ ನೋಡಿದ. ಮಲ್ಲಿಗೆ ಕಂದಿತ್ತು, ಗುಲಾಬಿ ಕಪ್ಪಾಗಿತ್ತು. ಆದರೂ ಗೆದ್ದೆ ಎಂದುಕೊಂಡ.

ಕೆಲವು ದಿನ ಕಳೆದು, ಒಂದು ರಜೆಯ ಮಧ್ಯಾಹ್ನ ಅವನು ಮನೆಯಲ್ಲಿದ್ದಾಗ, ಆ ಬೀದಿಗೆ ಹೊಸಬಳಾದ ಒಬ್ಬ ಮುದುಕಿ ಬಳೆ ಮಾರುತ್ತಾ ಬಂದಳು. ಗೌರವ್ವ ಒಲೆಯ ಮುಂದಿನಿಂದ ಎದ್ದು ಬಂದು ಅವಳನ್ನು ಒಳಗೆ ಕರೆದಳು. ಬೆವರಿಗೆ ಗೌರವ್ವನ ಕುಂಕುಮ ಅಳಿಸಿಹೋಗಿತ್ತು. ಕೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ಬಳೆಗಾರ್ತಿ ಬಳೆಗಳ ಮಲಾರವನ್ನು ಹೆಗಲಿನಿಂದ ಇಳಿಸಿ, ಹಸಿರು ಬಳೆಗಳ ಗಂಟು ಬಿಚ್ಚಲು ಹೋದವಳು, ಗೋಡೆಯನ್ನು ಒಮ್ಮೆ, ಗೌರವ್ವನ ಮುಡಿಯನ್ನು ಒಮ್ಮೆ ನೋಡಿದಳು. ಬಿಚ್ಚುತ್ತಿದ್ದ ಗಂಟನ್ನು ಮತ್ತೆ ಬಿಗಿದಳು. ಗಂಡ ಸತ್ತವಳಿಗೆ ಬಳೆ ತೊಡಿಸುವ ರೂಢಿ ಆ ಸೀಮೆಯಲ್ಲಿ ಇರಲಿಲ್ಲ. ಅವಳು ವ್ಯಾಪಾರಿಯ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು.

"ತೀರಿಹೋದವರು ನಿಮ್ಮಣ್ಣನಾ, ಅಪ್ಪಾ? ಪಾಪ, ಹುಡುಗಿಗೆ ಇನ್ನೂ ಸಣ್ಣ ವಯಸ್ಸು."

ವ್ಯಾಪಾರಿಗೆ ಮೈಯೆಲ್ಲ ಉರಿಯಿತು. "ಕಣ್ಣು ಕಾಣಿಸಲ್ವೇನಮ್ಮಾ ನಿನಗೆ? ನಾನೇ ಅವಳ ಗಂಡ. ಅದು ನಮ್ಮ ಮದುವೆ ಹಾರ," ಎಂದ.

ಮುದುಕಿ ಕೆನ್ನೆ ಬಡಿದುಕೊಂಡಳು. "ತಪ್ಪಾಯ್ತಪ್ಪಾ, ಕಣ್ಣು ಮಂದವೇ. ಆದರೂ ನೀನೇ ನೋಡು. ಹಾರ ನೋಡಿದ್ರೆ ಸತ್ತೋರ ಸಾಲಲ್ಲಿದೆ. ಹುಡುಗಿ ಮುಡಿಯಲ್ಲಿ ಒಂದು ಎಸಳು ಹೂವಿಲ್ಲ. ಗಂಡ ಇದಾನೆ ಅಂತ ನಾನು ಹ್ಯಾಗೆ ತಿಳ್ಕೊಳ್ಳಲಿ?"

ಗೌರವ್ವ ಅವಳೆದುರು ಕೂತು ಎರಡೂ ಕೈ ಮುಂದೆ ಚಾಚಿದಳು.

"ತೊಡಿಸಿ, ಅಮ್ಮಾ," ಎಂದಳು. "ನಿಮ್ಮದೇನೂ ತಪ್ಪಿಲ್ಲ. ಒಂದೊಂದು ಸಲ ನನಗೂ ಅನುಮಾನ ಬರುತ್ತೆ."

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ ಕಾದ.

"ಆಮೇಲೆ, ಬುದ್ಧಿ? ಆ ಸಂಜೆಯಾದರೂ ವ್ಯಾಪಾರಿ ಹೂವು ತಂದನೇ?"

ಗುರುಗಳು ಹೆಗಲ ವಸ್ತ್ರ ಕೊಡವಿಕೊಂಡು ಎದ್ದರು.

"ಅವನು ತಂದನೋ ಬಿಟ್ಟನೋ, ಇವತ್ತು ಪೂಜೆಗೆ ಹೂ ಬಿಡಿಸುವ ಸರದಿ ನಿನ್ನದಾಗಿತ್ತಲ್ಲ, ಎಲ್ಲಿ ಹೂವು?"