ಬೆನ್ನಿಗೆ ನಟ್ಟ ಬಾಣ

"ಗುರುಗಳೇ, ನೀವು ಪಾಠ ಹೇಳುವಾಗ ಅಡುಗೆಯ ಹೊನ್ನಯ್ಯ ನಿಮಗೆ ಬೆನ್ನು ಹಾಕಿ ಒಲೆಯ ಮುಂದೆ ಕೂತಿರುತ್ತಾನೆ. ನಾಳೆ ದೀಕ್ಷೆಯ ಸಾಲಿನಲ್ಲಿ ಅವನೂ ನಮ್ಮ ಜೊತೆ ನಿಲ್ಲಬಹುದೇ?" ಊಟ ಮುಗಿಸಿ ಎಲೆಯ ಮುಂದೆಯೇ ಕೂತಿದ್ದ ಶಿಷ್ಯ ನಿಂಬಣ್ಣ ಕೇಳಿದ.

ಗುರುಗಳು ನಕ್ಕರು. "ಚಾಡಿಯನ್ನು ತಂದು ಪ್ರಶ್ನೆ ಅಂತೀಯಲ್ಲ, ಭಲೆ. ಏಳಬೇಡ, ಕೂತಿರು. ಒಂದು ಕತೆ ಇದೆ, ಹೇಳುವಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಡುವೆ ಬಾಯಿ ಹಾಕಬೇಡ.

"ಕಡಲ ದಂಡೆಯಲ್ಲಿ ಒಂದು ಸೀಮೆಯಿತ್ತು. ಅಲ್ಲಿ ಬಿಲ್ಲು ಹಿಡಿಯುವವರೂ ದೋಣಿಗೆ ಹುಟ್ಟು ಹಾಕುವವರೂ ಒಂದೇ ಊರಿನವರು. ಯುದ್ಧ ಬಂದರೆ ಇಬ್ಬರೂ ಒಂದೇ ದೋಣಿ ಹತ್ತುತ್ತಿದ್ದರು. ಬಿಲ್ಲಾಳು ದೋಣಿಯ ಮುಂತುದಿಯಲ್ಲಿ ವೈರಿಗೆ ಎದುರಾಗಿ ನಿಲ್ಲುತ್ತಿದ್ದ. ಹುಟ್ಟುಗಾರ ಅವನ ಹಿಂದೆ, ವೈರಿಗೆ ಬೆನ್ನು ಮಾಡಿ ಕೂರುತ್ತಿದ್ದ. ಹುಟ್ಟನ್ನು ಎದೆಯ ಕಡೆ ಎಳೆದುಕೊಂಡರೆ ತಾನೆ ದೋಣಿ ಬೆನ್ನಿನ ದಿಕ್ಕಿಗೆ ಓಡುವುದು.

"ಆ ಊರಿಗೆ ಒಂದು ಕಟ್ಟಳೆ. ಎದೆಗೆ ಗಾಯವಾಗಿ ಸತ್ತವನಿಗೆ ವೀರಗಲ್ಲು. ಬೆನ್ನಿಗೆ ಗಾಯವಾಗಿ ಸತ್ತವನಿಗೆ ಕಲ್ಲಿಲ್ಲ, ಅವನ ಮಕ್ಕಳಿಗೆ ಸಭೆಯಲ್ಲಿ ಜಾಗವೂ ಇಲ್ಲ. ಬೆನ್ನಿಗೆ ಪೆಟ್ಟು ಬೀಳುವುದು ಓಡಿಹೋಗುವವನಿಗೆ ಎಂದು ಹಿರಿಯರು ಎಣಿಸಿದ್ದರು. ನೆಲದ ಮೇಲೆ ಕಾದಾಡಿದವರು ಮಾಡಿದ ಕಟ್ಟಳೆ ಅದು. ಎಷ್ಟೋ ಹುಟ್ಟುಗಾರರು ಕಲ್ಲಿಲ್ಲದೆ ಹೋಗಿದ್ದರು. ಯಾರೂ ಕೇಳಿರಲಿಲ್ಲ.

"ಒಮ್ಮೆ ಕಡಲ್ಗಳ್ಳರು ಊರಿನ ಹೆಂಗಸರನ್ನೂ ಮಕ್ಕಳನ್ನೂ ಹಡಗಿಗೆ ತುಂಬಿಕೊಂಡು ಹೊರಟರು. ಹಿಂದೆಯೇ ದೋಣಿಗಳು ನೀರಿಗಿಳಿದವು. ಎಂಥ ಓಟ ಅಂತೀಯ ನಿಂಬಣ್ಣ. ಅಲೆ ಎತ್ತಿ ಎಸೆಯುತ್ತಿದೆ, ಹಡಗಿನಿಂದ ಬಾಣ ಸುರಿಯುತ್ತಿದೆ, ಒಂದು ದೋಣಿ ಮಾತ್ರ ಎಲ್ಲವನ್ನೂ ಹಿಂದೆ ಹಾಕಿ ನುಗ್ಗುತ್ತಿದೆ. ಅದರ ಹುಟ್ಟುಗಾರನ ಬೆನ್ನಿಗೆ ಬಾಣ ನಟ್ಟಿತು. ಅವನು ಹುಟ್ಟು ಬಿಡಲಿಲ್ಲ. ಎಳೆದ, ಇನ್ನೂ ಎಳೆದ, ದೋಣಿ ಹಡಗಿಗೆ ಬಡಿಯಿತು. ಬಿಲ್ಲಾಳು ಹಡಗಿಗೆ ಹಾರಿದ, ಹಿಂದಿನ ದೋಣಿಯವರೂ ಬಂದು ಹಾರಿದರು. ಸೆರೆಹೋದವರೆಲ್ಲ ಬದುಕಿ ಮನೆಗೆ ಬಂದರು. ಹುಟ್ಟುಗಾರ ದಂಡೆ ಮುಟ್ಟುವ ಮೊದಲೇ ಸತ್ತ.

"ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ಸಭೆಗೆ ಬಂದಳು. ಹಡಗಿನಿಂದ ಬಿಡುಗಡೆಯಾಗಿ ಬಂದವರಲ್ಲಿ ಅವಳೂ ಒಬ್ಬಳು. ಗಂಡನಿಗೆ ಕಲ್ಲು ಕೇಳಿದಳು. ಊರಿನ ಯಜಮಾನನಾದ ಗುರಿಕಾರ ಹೆಣವನ್ನು ಹೊರಳಿಸಿ ನೋಡಿದ. 'ಗಾಯ ಬೆನ್ನಿಗಿದೆ ತಾಯಿ. ಕಟ್ಟಳೆ ಮುರಿಯುವುದು ನನ್ನ ಕೈಲಾಗದು' ಎಂದ.

"ಆಗ ಆ ದೋಣಿಯ ಬಿಲ್ಲಾಳು ಎದ್ದು ನಿಂತ. ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ. 'ಗುರಿಕಾರರೇ, ಆ ಬಾಣ ಬಂದದ್ದು ನನ್ನ ಎದೆಗೆ. ನನಗೆ ಕಂಡಿತು, ಬಗ್ಗಿದೆ. ಹಿಂದೆ ಕೂತವನಿಗೆ ತಗುಲಿತು. ನಾನು ನೋಡುತ್ತಿದ್ದ ಕಡೆಗೆ ನನ್ನನ್ನು ಒಯ್ದವನು ಅವನು' ಎಂದ.

"ಗುರಿಕಾರ ತನ್ನ ಮುಂಡಾಸು ಬಿಚ್ಚಿ ಹೆಣದ ಬೆನ್ನಿಗೆ ಹೊದಿಸಿದ. ಅವನಿಗೂ ಕಲ್ಲು ನಿಲ್ಲಿಸಿದರು. ಆ ಸಾಲಿನ ಕಲ್ಲುಗಳಲ್ಲೆಲ್ಲ ಮುಖ ಕೆತ್ತಿದ್ದಾರೆ, ಅದೊಂದರಲ್ಲಿ ಬೆನ್ನು."

ಗುರುಗಳು ನಿಂಬಣ್ಣನ ಮುಂದಿದ್ದ ಉಂಡ ಎಲೆಯನ್ನು ನೋಡಿದರು.

"ಹೊನ್ನಯ್ಯ ನನ್ನ ಕಡೆ ತಿರುಗಿ ಕೂತಿದ್ದರೆ ನೀನು ಯಾವ ಹೊಟ್ಟೆಯಲ್ಲಿ ಪಾಠ ಕೇಳುತ್ತಿದ್ದೆ, ನಿಂಬಣ್ಣ?"