ಮೂಟೆ ಹೊತ್ತವನ ಸರದಿ

ದಾವಣಗೆರೆಯ ಗುಮಾಸ್ತ ಇಂದುಧರ ಆನ್‌ಲೈನಿನಲ್ಲಿ ಒಂದು ಆಟಕ್ಕೆ ಸೇರಿದ. ವಾಸಂತಿ ಮೇಡಂ ಕಥೆ ನಡೆಸುವವರು, ಉಳಿದವರು ಅದರೊಳಗಿನ ವೀರರು. ದಾಳ ಬಿದ್ದಂತೆ ಬದುಕು. ಸತ್ತವನು ಕಥೆ ಮುಗಿಯುವವರೆಗೆ ಹೊರಗೆ.

ಉಳಿದವರೆಲ್ಲ ಆಟದಲ್ಲಿ ಪಳಗಿದ ಹುಲಿಗಳು. ಅವರ ಮುಖಂಡ ಪ್ರಾಣೇಶ ಮೊದಲ ದಿನವೇ ಹೇಳಿದ್ದ: "ಹೊಸಬರು ಎಲ್ಲರ ಮೂಟೆ ಹೊರಬೇಕು. ಅದು ಪದ್ಧತಿ." ಇಂದುಧರ ಕಥೆಯೊಳಗೆ ಅಷ್ಟನ್ನೂ ಬೆನ್ನಿಗೇರಿಸಿಕೊಂಡ.

ಈ ವಾರ ಬೆಂಕಿಯುಗುಳುವ ಘಟಸರ್ಪದ ಗುಹೆ ಬಂತು.

"ಹೊಸಬರು ಮೊದಲು ಒಳಗೆ ಹೋಗಬೇಕು. ಅದೂ ಪದ್ಧತಿ," ಎಂದ ಪ್ರಾಣೇಶ. ಎಲ್ಲರೂ ನಕ್ಕರು.

"ಹೋಗ್ತೀನಿ ಗುರುಗಳೇ. ಮೇಡಂ, ನಾನು ಸುಟ್ಟುಹೋದರೆ ಬೆನ್ನ ಮೇಲಿನ ಮೂಟೆ?"

"ಅದೂ ಸುಡುತ್ತೆ."

"ಅದರಲ್ಲಿ ಏನಿದೆ, ಸ್ವಲ್ಪ ಹೇಳಿಬಿಡಿ."

"ಎಲ್ಲರ ಗಾಯದ ಮದ್ದು. ಪ್ರಾಣೇಶರ ಮಂತ್ರದ ಪುಸ್ತಕ."

ಈಗ ಯಾರೂ ನಗಲಿಲ್ಲ.

"ಹಾಗಾದರೆ ಹೊರಟೆ," ಎಂದ ಇಂದುಧರ.

"ತಡೀರಿ ಮಾರಾಯರೆ," ಎಂದ ಪ್ರಾಣೇಶ. "ಮೂಟೆ ಇಳಿಸಿ ಹೋಗಿ."

"ಇಳಿಸ್ತೀನಿ. ಯಾರು ಹೊರ್ತೀರಿ? ಮೂಟೆ ಹೊತ್ತವನೇ ಹೊಸಬ, ಹೊಸಬನೇ ಮುಂದೆ. ಪದ್ಧತಿ ನಿಮ್ಮದೇ."

ಯಾರ ಬೆನ್ನೂ ಮುಂದೆ ಬರಲಿಲ್ಲ.

ಅಂದು ಗುಹೆಯೊಳಗೆ ಮೊದಲು ಕಾಲಿಟ್ಟವನು ಪ್ರಾಣೇಶ. ಅವನ ಹಿಂದೆ, ಎರಡು ಗುರಾಣಿಗಳ ನೆರಳಿನಲ್ಲಿ, ಇಂದುಧರ ಮೂಟೆ ಸಮೇತ ನಿಧಾನವಾಗಿ ನಡೆದ.